ಕಿಟ್‌ನ ಕ್ವಿಲ್ಟ್ ನನ್ನ ಮಂಚಕ್ಕೆ ಸಾಲುತ್ತಿಲ್ಲ, ದೊಡ್ಡದು ಮಾಡೋದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ದಿಂಬಿನ ಕವರ್, ಮಗುವಿನ ಹೊದಿಕೆ ಅಷ್ಟೇ ಹೊಲಿದಿದ್ದೆ. ಈಗ ಮೊದಲ ಸಲ ದೊಡ್ಡ ಕ್ವಿಲ್ಟ್ ಕಿಟ್ ತಗೊಂಡಿದ್ದೇನೆ, ಅಂದರೆ ತುಂಡು ಬಟ್ಟೆ ಜೋಡಿಸಿ ಹೊಲಿಯುವ ಹೊದಿಕೆಗೆ ಬಟ್ಟೆ, ವಿನ್ಯಾಸ ಒಟ್ಟಿಗೆ ಬರುವ ಡಬ್ಬ. ಕಡುನೀಲಿ, ಸಾಸಿವೆ ಹಳದಿ, ಬಿಳಿ. ಬಣ್ಣ ನೋಡಿ ಬಿಡಲು ಮನಸ್ಸು ಬರಲಿಲ್ಲ. 12 ಇಂಚಿನ ನಕ್ಷತ್ರದ ಬ್ಲಾಕ್ (ತುಂಡು ಜೋಡಿಸಿದ ಚೌಕ) ಒಟ್ಟು 30. ಅಡ್ಡಕ್ಕೆ 5, ಉದ್ದಕ್ಕೆ 6. ಎಲ್ಲಾ ಸೇರಿದರೆ 60 ಇಂಚು ಅಗಲ, 72 ಇಂಚು ಉದ್ದ.

ಡಬ್ಬದ ಮೇಲೆ "ಡಬಲ್" ಅಂತ ಇತ್ತು, ನಂಬಿದೆ. ಮನೆಗೆ ಬಂದು ಹಾಸಿಗೆ ಅಳೆದರೆ 60 ಅಗಲ, 80 ಉದ್ದ, 10 ಇಂಚು ದಪ್ಪ. ಅಂದರೆ ಪಕ್ಕದಲ್ಲಿ ಒಂದಿಂಚೂ ಕೆಳಗೆ ಇಳಿಯುವುದಿಲ್ಲ, ಉದ್ದದಲ್ಲಿ 8 ಇಂಚು ಕಡಿಮೆ. ಮಲಗುವುದು ಇಬ್ಬರು, ರಾತ್ರಿಯಿಡೀ ಎಳೆದಾಟವೇ ಆಗುತ್ತೆ. ಸುತ್ತ ಒಂದು ದೊಡ್ಡ ಬಾರ್ಡರ್ ಹಾಕಿದರೆ ಸಾಕಾ? ಬಟ್ಟೆ ಇನ್ನೂ ಕತ್ತರಿಸಿಲ್ಲ.

ಉತ್ತರ 1

ಕತ್ತರಿಸುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಕಿಟ್ ಮೇಲೆ ಬರೆದಿರುವ "ಡಬಲ್", "ಕ್ವೀನ್" ಪದಗಳನ್ನು ಪಕ್ಕಕ್ಕಿಡಿ. ಹಾಸಿಗೆಗೆ ಅಳತೆ ಇದೆ, ಕ್ವಿಲ್ಟ್‌ಗೆ ಹಾಗೆ ಒಂದೇ ಅಳತೆ ಇಲ್ಲ. ವಿನ್ಯಾಸ ಮಾಡಿದವರ ಲೆಕ್ಕ ಒಬ್ಬೊಬ್ಬರದು ಒಂದೊಂದು. ಹಾಸಿಗೆಯ ದಪ್ಪವನ್ನಂತೂ ಹೆಚ್ಚಿನವರು ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಇವತ್ತೇ ಒಂದು ಕೆಲಸ ಮಾಡಿ. ಹಳೆಯ ದೊಡ್ಡ ಬೆಡ್‌ಶೀಟ್ ಒಂದನ್ನು ಮಂಚದ ಮೇಲೆ ಹರಡಿ. ಪಕ್ಕದಲ್ಲಿ ಎಲ್ಲಿವರೆಗೆ ಇಳಿದರೆ ನಿಮ್ಮ ಕಣ್ಣಿಗೆ ಸರಿ ಅನಿಸುತ್ತೋ ಅಲ್ಲಿ ಒಳಕ್ಕೆ ಮಡಚಿ ಪಿನ್ ಹಾಕಿ. ದಿಂಬು ಮುಚ್ಚಬೇಕಾ ಬೇಡ್ವಾ ಅನ್ನೋದನ್ನೂ ಆಗಲೇ ನೋಡಿಕೊಳ್ಳಿ. ಮುಚ್ಚಬೇಕು ಅಂದರೆ ಉದ್ದಕ್ಕೆ ಇನ್ನೂ 10-12 ಇಂಚು ಬೇಕು. ಆಮೇಲೆ ಟೇಪು ಹಿಡಿಯಿರಿ.

ದಿಂಬು ಬಿಟ್ಟು, ಹಾಸಿಗೆಯ ದಪ್ಪ ಮುಚ್ಚುವಷ್ಟು ಮಾತ್ರ ಸಾಕು ಅಂದುಕೊಳ್ಳೋಣ. ಅಗಲ 60ಕ್ಕೆ ಎರಡು ಪಕ್ಕದ 10 ಸೇರಿ 80. ಉದ್ದ 80ಕ್ಕೆ ಕಾಲಿನ ಕಡೆಯ 10 ಸೇರಿ 90. ಒಳಗೆ ಹತ್ತಿಯ ಬ್ಯಾಟಿಂಗ್ (ಎರಡು ಬಟ್ಟೆಯ ನಡುವಿನ ಪದರ) ಹಾಕಿದರೆ, ಪದರಗಳನ್ನು ಹಿಡಿದಿಡುವ ಕ್ವಿಲ್ಟಿಂಗ್ ಹೊಲಿಗೆ ಮತ್ತು ಮೊದಲ ಒಗೆತ ಸೇರಿ ಸುಮಾರು ಶೇಕಡಾ 3ರಿಂದ 5 ಕುಗ್ಗುತ್ತದೆ. ಅದಕ್ಕೆ 84 × 94 ಹಿಡಿಯಿರಿ.

ಈಗ ಬಾರ್ಡರ್ ವಿಷಯ. ಬರೀ ಬಾರ್ಡರ್‌ನಲ್ಲೇ ಸರಿ ಮಾಡೋಕೆ ಹೋದರೆ ಪಕ್ಕಕ್ಕೆ 12 ಇಂಚು, ತುದಿಗಳಿಗೆ 11 ಇಂಚು ಬೇಕು. ಹಾಕಬಹುದು, ತಪ್ಪೇನಿಲ್ಲ. ಆದರೆ ನಕ್ಷತ್ರಗಳೆಲ್ಲ ನಡುವೆ ಒತ್ತಾಗಿ, ಸುತ್ತ ಖಾಲಿ ಬಟ್ಟೆ ಆಗಿಬಿಡುತ್ತೆ. ನಾನಾದರೆ ಬ್ಲಾಕ್‌ಗಳ ನಡುವೆಯೂ ಸುತ್ತಲೂ 2 ಇಂಚಿನ ಬಿಳಿ ಪಟ್ಟಿ ಕೊಡುತ್ತಿದ್ದೆ. ಅಡ್ಡಕ್ಕೆ 6 ಪಟ್ಟಿ, ಅಂದರೆ 12 ಇಂಚು ಬೆಳೆದು 72. ಉದ್ದಕ್ಕೆ 7 ಪಟ್ಟಿ, 14 ಇಂಚು ಬೆಳೆದು 86. ಇನ್ನು ಪಕ್ಕಗಳಿಗೆ 6 ಇಂಚು, ಮೇಲೆ ಕೆಳಗೆ 4 ಇಂಚಿನ ನೀಲಿ ಬಾರ್ಡರ್. ಸರಿಯಾಗಿ 84 × 94. ಪ್ರತಿ ನಕ್ಷತ್ರಕ್ಕೂ ಉಸಿರಾಡಲು ಜಾಗ ಸಿಗುತ್ತೆ.

ಒಂದೇ ಎಚ್ಚರ. ಕೆಲವು ವಿನ್ಯಾಸಗಳಲ್ಲಿ ಬ್ಲಾಕ್‌ಗೆ ಬ್ಲಾಕ್ ಅಂಟಿದಾಗ ಮಾತ್ರ ನಡುವೆ ಇನ್ನೊಂದು ಚಿತ್ರ ಮೂಡುತ್ತೆ. ನಿಮ್ಮದು ಹಾಗಿದ್ದರೆ ಪಟ್ಟಿ ಹಾಕಬೇಡಿ, ಆ ಚಂದ ಹೋಗಿಬಿಡುತ್ತೆ. ಅಂಥದ್ದಕ್ಕೆ ಇನ್ನಷ್ಟು ಬ್ಲಾಕ್ ಹೊಲಿಯುವುದೇ ದಾರಿ.

ಮತ್ತೆ, ಬಟ್ಟೆಯನ್ನು ಈಗಲೇ ತಗೊಳ್ಳಿ. ಕಿಟ್‌ನ ಬಟ್ಟೆ ಆಮೇಲೆ ಸಿಗದೇ ಹೋಗಬಹುದು. ಸಿಕ್ಕರೂ ಬೇರೆ ಸಲ ಅದ್ದಿದ ನೀಲಿ ಬೇರೆಯಾಗಿಯೇ ಕಾಣಬಹುದು. ಪಟ್ಟಿಗೆ ಸುಮಾರು 1.75 ಮೀಟರ್, ಬಾರ್ಡರ್‌ಗೂ ಅಷ್ಟೇ ಹಿಡಿದರೆ ನಿಶ್ಚಿಂತೆ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಬ್ಲಾಕ್‌ಗಳನ್ನು ಚಿತ್ರದಲ್ಲಿ ನೋಡಿದೆ, ಬಿಡಿಬಿಡಿ ನಕ್ಷತ್ರಗಳೇ. ಬಿಳಿ ಪಟ್ಟಿ ಹಾಕುತ್ತೇನೆ. ಆದರೆ ಹೊಸ ತೊಂದರೆ. ಎರಡು ಬ್ಲಾಕ್ ಹೊಲಿದು ನೋಡಿದೆ. ಜೋಡಿಸುವ ಮುಂಚೆ, ಎರಡೂ ಬದಿ ಹೊಲಿಗೆಗೆ ಹೋಗುವ ತಲಾ ಕಾಲು ಇಂಚು ಸೇರಿ 12.5 ಇಂಚು ಇರಬೇಕಲ್ವಾ? ಎರಡೂ 12.25 ಬಂದಿವೆ. ಇಸ್ತ್ರಿಯಲ್ಲಿ ಸ್ವಲ್ಪ ಎಳೆದರೆ ಆಗುತ್ತಾ?

ಉತ್ತರ 2

ದಯವಿಟ್ಟು ಎಳೆಯಬೇಡಿ. ಎಳೆದ ಬ್ಲಾಕ್ ಒಗೆದ ಮೇಲೆ ಮತ್ತೆ ಮೊದಲಿನ ಅಳತೆಗೇ ಹೋಗುತ್ತೆ, ಪಕ್ಕದ ಪಟ್ಟಿ ಸುಕ್ಕಾಗುತ್ತೆ.

ನಿಮ್ಮ ಹೊಲಿಗೆ ಕಾಲು ಇಂಚಿಗಿಂತ ಒಂದು ಕೂದಲಷ್ಟು ಒಳಗೆ ಬೀಳುತ್ತಿದೆ, ಅಷ್ಟೇ. ಬ್ಲಾಕ್‌ನಲ್ಲಿ ಅಡ್ಡಕ್ಕೆ ಎರಡು ಜೋಡಣೆ ಇದ್ದರೆ ನಾಲ್ಕು ಅಂಚು ಒಳಗೆ ಹೋಗುತ್ತವೆ. ಒಂದೊಂದರಲ್ಲಿ ಇಂಚಿನ 16ನೇ ಒಂದು ಭಾಗ ಜಾಸ್ತಿ ಹೋದರೂ ಒಟ್ಟು ಕಾಲು ಇಂಚು ಕಮ್ಮಿ. ನಕ್ಷತ್ರದ ಮೊನೆಗಳನ್ನು ನೋಡಿ, ಅವೂ ಮೊಂಡಾಗಿರಬಹುದು.

ಪರೀಕ್ಷೆ ಹೀಗೆ. ಒಂದೂವರೆ ಇಂಚು ಅಗಲದ ಮೂರು ತುಂಡು ಕತ್ತರಿಸಿ, ಪಕ್ಕಪಕ್ಕ ಹೊಲಿದು, ಇಸ್ತ್ರಿ ಒತ್ತಿ. ನಡುವಿನ ತುಂಡು ಸರಿಯಾಗಿ 1 ಇಂಚು ಕಾಣಬೇಕು. ಕಡಿಮೆ ಕಂಡರೆ ಸೂಜಿಯನ್ನು ಒಂದು ಹೆಜ್ಜೆ ಬಲಕ್ಕೆ ಸರಿಸಿ ಮತ್ತೆ ಹೊಲಿದು ನೋಡಿ. ಸೂಜಿ ಸರಿಯದ ಮೆಷಿನ್ ಆದರೆ ತಟ್ಟೆಯ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ. ನಡುವಿನ ತುಂಡು 1 ಇಂಚು ಬರುವವರೆಗೆ ಮೂರನೇ ಬ್ಲಾಕ್ ಮುಟ್ಟಬೇಡಿ. ಇಸ್ತ್ರಿಯನ್ನು ಉಜ್ಜದೆ, ಎತ್ತಿ ಎತ್ತಿ ಒತ್ತಿ. ಆ ಎರಡು ಬ್ಲಾಕ್ ಬಿಚ್ಚಿ ಹೊಲಿಯಿರಿ, 30ರಲ್ಲಿ ಎರಡು ತಾನೇ.

ಉತ್ತರ 1

ಮರೆತಿದ್ದೆ. ಹಿಂಬದಿ ಬಟ್ಟೆ ಸಾಮಾನ್ಯವಾಗಿ ಕಿಟ್‌ನಲ್ಲಿ ಇರುವುದಿಲ್ಲ. ಅದು ಸುತ್ತ 4 ಇಂಚು ದೊಡ್ಡದಿರಬೇಕು, ಅಂದರೆ 92 × 102. ಬಟ್ಟೆಯ ಪನ್ನ 42-44 ಇಂಚು ಇದ್ದರೆ ಮೂರು ತುಂಡು ಬೇಕೇ ಬೇಕು. ಜೋಡಣೆಯನ್ನು ಉದ್ದುದ್ದ ಬಿಡದೆ ಅಡ್ಡಡ್ಡ ಇಡಿ. ಆಗ ಒಂದೊಂದು ತುಂಡು 102ರ ಬದಲು 92 ಇಂಚು, ಒಟ್ಟು 30 ಇಂಚು ಬಟ್ಟೆ ಉಳಿಯುತ್ತೆ. 7.25 ಮೀಟರ್ ಸಾಕು.

ಅಂಚನ್ನು ಸುತ್ತಿ ಮುಚ್ಚುವ ಬೈಂಡಿಂಗ್ ಪಟ್ಟಿ ಕೂಡ ಕಿಟ್‌ನದು ಸಾಲಲ್ಲ. ನಿಮ್ಮ ಹೊಸ ಸುತ್ತಳತೆ 356 ಇಂಚು. ಎರಡೂವರೆ ಇಂಚಿನ 10 ಪಟ್ಟಿ ಕತ್ತರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಸೂಜಿ ಸರಿಸಿದ ಮೇಲೆ ಉಳಿದ 28 ಬ್ಲಾಕೂ 12.5 ಬಂದವು! ಪಟ್ಟಿಯೂ ಆಯಿತು. ಆದರೆ ಪಕ್ಕದ ಬಾರ್ಡರ್ ನೆಲದ ಮೇಲೆ ಹರಡಿದರೆ ಅಲೆ ಅಲೆಯಾಗಿ ಏಳುತ್ತಿದೆ. ಉದ್ದದ ಪಟ್ಟಿ ಇಟ್ಟು ಹೊಲಿದು, ಕೊನೆಗೆ ಉಳಿದದ್ದನ್ನು ಕತ್ತರಿಸಿದ್ದೆ.

ಉತ್ತರ 2

ಕಾರಣ ಅದೇ. ಅಂಚು ಹೊಲಿಯುವಾಗ ಹಿಗ್ಗುತ್ತಾ ಹೋಗುತ್ತೆ, ಬಾರ್ಡರ್ ಕೂಡ ಅದರ ಜೊತೆ ಜಾಸ್ತಿ ಒಳಗೆ ಸೇರಿಕೊಳ್ಳುತ್ತೆ. ಎರಡೂ ಬಾರ್ಡರ್ ಬಿಚ್ಚಿ. ಅಂಚನ್ನು ಅಳೆಯಬೇಡಿ. ಕ್ವಿಲ್ಟ್‌ನ ನಡುವಿನಲ್ಲಿ ಒಂದು ಸಲ, ಅದರ ಎಡಬಲದಲ್ಲಿ ಒಂದೊಂದು ಸಲ ಅಳೆಯಿರಿ. ಮೂರರ ಸರಾಸರಿಗೆ ಎರಡೂ ಬಾರ್ಡರ್ ಒಂದೇ ಉದ್ದ ಕತ್ತರಿಸಿ. ಮೊದಲು ಎರಡು ತುದಿಗೆ, ಆಮೇಲೆ ನಡುವಿಗೆ, ಆಮೇಲೆ ಅರ್ಧರ್ಧಕ್ಕೆ ಪಿನ್. ಸಡಿಲ ಇರುವ ಬದಿಯನ್ನು ಮೆಷಿನ್‌ನ ಬಟ್ಟೆ ಎಳೆಯುವ ಹಲ್ಲಿನ ಕಡೆ, ಅಂದರೆ ಕೆಳಗೆ ಇಟ್ಟು ಹೊಲಿಯಿರಿ. ಹೆಚ್ಚಿನ ಬಟ್ಟೆ ತಾನಾಗಿ ಒಳಗೆ ಸೇರುತ್ತೆ.

ಪ್ರಶ್ನೆ ಕೇಳಿದವರು

ಮೂರು ಕಡೆ ಅಳೆದೆ: 86.5, 86.5, 86.75. ಅಂಚಿನಲ್ಲಿ ಮಾತ್ರ 88 ಇತ್ತು! ಎರಡೂ ಬಾರ್ಡರ್ 86.5ಕ್ಕೆ ಕತ್ತರಿಸಿ ಮತ್ತೆ ಹೊಲಿದೆ. ಈಗ ನೆಲಕ್ಕೆ ಚಪ್ಪಟೆಯಾಗಿ ಕೂತಿದೆ. ಮಂಚದ ಮೇಲೂ ಹಾಕಿ ನೋಡಿದೆ, ನೀಲಿ ಬಾರ್ಡರ್ ಹಾಸಿಗೆಯ ಎರಡೂ ಪಕ್ಕದಲ್ಲಿ ಸಮವಾಗಿ ಇಳಿದಿದೆ. ಹಿಂಬದಿ ಬಟ್ಟೆ ನಾಳೆ ಜೋಡಿಸುತ್ತೇನೆ, ಅಡ್ಡಡ್ಡವಾಗಿಯೇ.