ಬಾಟಲಿಗೆ ಬಣ್ಣ ಬಳಿದರೆ ಕಸ ಕಮ್ಮಿ ಆಯಿತಾ?

ಕತ್ತರಿಕೈ:
ಕೂಡಿಟ್ಟಿದ್ದ ಹನ್ನೆರಡು ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ, ಬಣ್ಣ ಬಳಿದು, ಮಿನುಗು ಪುಡಿ ಅಂಟಿಸಿ ಹೂದಾನಿ ಮಾಡಿದೆ. ನಮ್ಮಣ್ಣ ನೋಡಿ, "ಕಸಕ್ಕೆ ಅಲಂಕಾರ ಮಾಡಿದ್ದೀಯ, ಅಷ್ಟೇ" ಅಂದ. ಬೇಜಾರಾಯಿತು. ನೀವೇನಂತೀರಿ?

ನೇರಮಾತು:
ನಿಮ್ಮಣ್ಣನ ಪರ ನಾನು. ಖಾಲಿ ಪೆಟ್ ಬಾಟಲಿಯನ್ನು (ನೀರು, ತಂಪು ಪಾನೀಯ ಬರುವ ಪ್ಲಾಸ್ಟಿಕ್ ಬಾಟಲಿ) ಹಾಗೇ ಗುಜರಿಗೆ ಕೊಟ್ಟರೆ ಅದನ್ನು ಕರಗಿಸಿ ಬಟ್ಟೆಯ ನೂಲು ಮಾಡಬಹುದು, ಇನ್ನೊಂದು ಬಾಟಲಿಯನ್ನೂ ಮಾಡಬಹುದು. ಬಣ್ಣ, ಅಂಟು ಮೆತ್ತಿದ ಮೇಲೆ ಆ ದಾರಿ ಹೆಚ್ಚುಕಮ್ಮಿ ಮುಚ್ಚಿತು. ಮಿನುಗು ಪುಡಿ ಅಂತೂ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ಚೂರೇ. ಕಸ ಕಮ್ಮಿ ಮಾಡಲು ಹೋಗಿ ಹೊಸ ಕಸ ಕೊಂಡು ತಂದ ಹಾಗಾಯಿತು, ಅಲ್ವಾ?

ಹಳೇಡಬ್ಬ:
ಎಲ್ಲದಕ್ಕೂ ಲೆಕ್ಕ ಹಾಕಬೇಕಾ? ಪಿಕಾಸೊ 1942ರಲ್ಲಿ ಹಳೇ ಸೈಕಲ್ಲಿನ ಸೀಟಿಗೆ ಹ್ಯಾಂಡಲ್ ಜೋಡಿಸಿ ಗೂಳಿಯ ತಲೆ ಮಾಡಿದ. ಅದನ್ನೂ ಗುಜರಿಗೆ ಹಾಕಬೇಕಿತ್ತು ಅಂತೀರಾ?

ನೇರಮಾತು:
ಒಳ್ಳೇ ಉದಾಹರಣೆ ಕೊಟ್ಟಿರಿ, ಆದರೆ ನನ್ನ ಕಡೆಗೆ! ಅವನು ಸೀಟಿಗೆ ಮಿನುಗು ಪುಡಿ ಹಚ್ಚಲಿಲ್ಲ. ಸೀಟಿನಲ್ಲಿ ಗೂಳಿಯ ಮುಖ, ಹ್ಯಾಂಡಲ್ಲಿನಲ್ಲಿ ಕೊಂಬು ಮೊದಲೇ ಇತ್ತು. ಅದನ್ನು ಕಂಡ, ಅಷ್ಟೇ.

ಸೂಜಿದಾರ:
ಇಬ್ಬರೂ ಸ್ವಲ್ಪ ನಿಲ್ಲಿಸಿ. ಕತ್ತರಿಕೈ ಅವರೇ, ಮುಂದಿನ ಸಲ ಹಳೇ ಟೀ ಶರ್ಟ್ ತೆಗೆದುಕೊಳ್ಳಿ. ಅದು ನೇಯ್ದ ಬಟ್ಟೆಯಲ್ಲ, ಹೆಣೆದದ್ದು. ಹಾಗಾಗಿ ಕತ್ತರಿಸಿದ ಅಂಚಿನಿಂದ ಎಳೆ ಬಿಚ್ಚಿಕೊಂಡು ಬರುವುದಿಲ್ಲ. ಕಂಕುಳಿನ ಕೆಳಗಿನ ಭಾಗ ಮಾತ್ರ ಸಾಕು. ಕೆಳಗಿನ ಮಡಿಕೆ ಹೊಲಿಗೆ ತೆಗೆದು, ಒಂದು ತುದಿಯಿಂದ ಸುತ್ತುತ್ತಾ ಎರಡು ಬೆರಳಗಲಕ್ಕೆ ಕತ್ತರಿಸುತ್ತಾ ಹೋದರೆ ಒಂದೇ ಉದ್ದನೆಯ ಪಟ್ಟಿ ಸಿಗುತ್ತದೆ. ಅದನ್ನು ಜೋರಾಗಿ ಎಳೆಯಿರಿ. ಅಂಚು ತಾನಾಗಿ ಸುರುಳಿಕೊಂಡು ದಪ್ಪ ದಾರ ಆಗುತ್ತದೆ! ಆ ಕ್ಷಣ ನನಗೆ ಈಗಲೂ ಖುಷಿ. ದಪ್ಪ ಕ್ರೋಶೆ ಕಡ್ಡಿ (ತುದಿಗೆ ಕೊಕ್ಕೆ ಇರುವ ಹೆಣಿಗೆ ಕಡ್ಡಿ) ಇದ್ದರೆ ಕಾಲೊರಸು ಹೆಣೆಯಿರಿ, ಇಲ್ಲದಿದ್ದರೆ ಜಡೆ ಹೆಣೆದು ಸುತ್ತಿ ಹೊಲಿಯಿರಿ. ಅಂಟು ಬೇಡ, ಬಣ್ಣ ಬೇಡ. ಕೊಳೆಯಾದರೆ ಒಗೆಯಬಹುದು. ಪಕ್ಕದಲ್ಲಿ ಹೊಲಿಗೆ ಇಲ್ಲದ ಶರ್ಟ್ ಆದರೆ ಇನ್ನೂ ಸಲೀಸು.

ಹಳೇಡಬ್ಬ:
ಗಾಜಿನ ಬಾಟಲಿ ಕತ್ತರಿಸಿ ಲೋಟ ಮಾಡಬಹುದಲ್ಲ? ಅದಕ್ಕೂ ಬಣ್ಣ ಬೇಕಿಲ್ಲ.

ಸೂಜಿದಾರ:
ಮಾಡಬಹುದು. ಆದರೆ ಅಂಚನ್ನು ನೀರು ಹಾಕಿಕೊಂಡೇ ಉಜ್ಜಬೇಕು. ಒಣಗಿದ್ದಾಗ ಉಜ್ಜಿದರೆ ಗಾಜಿನ ಪುಡಿ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಮಾಸ್ಕ್, ಕನ್ನಡಕ ಬೇಕೇ ಬೇಕು. ಮಕ್ಕಳಿರುವಾಗ ಸುಮ್ನೆ ಆ ಕೆಲಸಕ್ಕೆ ಕೈ ಹಾಕಬೇಡಿ.

ಕತ್ತರಿಕೈ:
ಗಾಜು ಬೇಡಪ್ಪ. ಹೂದಾನಿಗಳನ್ನಂತೂ ಎಸೆಯುವುದಿಲ್ಲ, ಮಾಡಿದ್ದಾಗಿದೆ. ಅಣ್ಣನ ಹಳೇ ಟೀ ಶರ್ಟ್ ಮೂರು ಕಣ್ಣಿಗೆ ಬಿದ್ದಿವೆ. ಅವನನ್ನು ಕೇಳಿಯೇ ಕತ್ತರಿಸಬೇಕಾ?

ನೇರಮಾತು:
ಕೇಳಿಬಿಡಿ. ಅಲಂಕಾರದ ಮಾತಿಗೆ ಒಂದನ್ನಾದರೂ ಕೊಡಲೇಬೇಕು ಅವರು.