ಯೆರೂಸಲೇಮಿನಲ್ಲಿ ವಾಕ್ಯಧ್ಯಾನ: ಯಾವ ಜಾಗದಲ್ಲಿ ಯಾವ ಭಾಗ ಓದಬೇಕು?

ಪ್ರಶ್ನೆ:
ನಮ್ಮ ಸಭೆಯ ತಂಡ ಪವಿತ್ರ ನಾಡಿಗೆ ಹೊರಟಿದೆ, ವಾಕ್ಯಧ್ಯಾನ ನಡೆಸುವ ಹೊಣೆ ನನ್ನದು. ಪಟ್ಟಿಯಲ್ಲಿ ಪವಿತ್ರ ಸಮಾಧಿಯ ಚರ್ಚ್, ಗಾರ್ಡನ್ ಟೂಮ್ (ತೋಟದ ಸಮಾಧಿ) ಎರಡೂ ಇವೆ. ಯೇಸುವಿನ ಒಂದೇ ಸಮಾಧಿಗೆ ಎರಡು ಜಾಗ ಅಂದ ಮೇಲೆ ಯಾವುದು ನಿಜ ಎಂದು ಕೇಳಿಯೇ ಕೇಳುತ್ತಾರೆ. ಏನು ಹೇಳಲಿ? ಶಾಂತವಾಗಿ ಕೂತು ಓದಲು ಎಲ್ಲಿ ಆಗುತ್ತದೆ?

ಉತ್ತರ 1:
ಬ್ರದರ್, ಆ ಪ್ರಶ್ನೆಯನ್ನು ತಪ್ಪಿಸಬೇಡಿ, ಅದರಿಂದಲೇ ಧ್ಯಾನ ಶುರುಮಾಡಿ. ಶಿಲುಬೆಗೇರಿಸಿದ್ದು ಊರ ಹೊರಗೆ, ಈ ಚರ್ಚ್ ಇರುವುದು ಕೋಟೆಯೊಳಗೆ ಎಂಬುದು ಮಾಮೂಲಿ ತಕರಾರು. ಆದರೆ ಆ ಜಾಗವನ್ನು ಊರೊಳಗೆ ಸೇರಿಸಿದ ಗೋಡೆ ಶುರುವಾದದ್ದು ಒಂದನೆಯ ಅಗ್ರಿಪ್ಪನ ಆಳ್ವಿಕೆಯಲ್ಲಿ, ಕ್ರಿ.ಶ. 41–44ರಲ್ಲಿ. ಯೇಸು ಸ್ವಾಮಿಯ ಕಾಲಕ್ಕೆ ಅದು ಹೊರಗೇ ಇತ್ತು.

ಇದರ ಪುರಾವೆ ಚರ್ಚಿನೊಳಗೇ ಇದೆ. ಸಮಾಧಿಯ ಮೇಲೆ ಕಟ್ಟಿರುವ ಪುಟ್ಟ ಮಂಟಪದ ಹಿಂಬದಿಗೆ ಹೋದರೆ ಸಿರಿಯನ್ನರ ಪ್ರಾರ್ಥನಾಲಯ ಸಿಗುತ್ತದೆ, ಗೋಡೆಯೆಲ್ಲ ಮಸಿ ಹಿಡಿದಿರುತ್ತದೆ. ಅಲ್ಲಿನ ತಗ್ಗು ಬಾಗಿಲಲ್ಲಿ ಬಗ್ಗಿ ನುಗ್ಗಿದರೆ ಬಂಡೆಯಲ್ಲಿ ಕೊರೆದ ಶವಗೂಡುಗಳು ಕಾಣುತ್ತವೆ. ಒಂದೊಂದೂ ಒಂದು ದೇಹ ತಳ್ಳುವಷ್ಟೇ ಅಗಲ. ಯೆಹೂದ್ಯರು ಊರೊಳಗೆ ಹೂಳುತ್ತಿರಲಿಲ್ಲ. ಮೊಬೈಲ್ ಟಾರ್ಚ್ ಬೇಕು, ಒಮ್ಮೆಗೆ ಮೂರ್ನಾಲ್ಕು ಜನರಷ್ಟೇ ಹೋಗಲಿ. ಹೊರಬಂದು, ಸ್ವಾಮಿ ಊರ ಬಾಗಿಲ ಹೊರಗೆ ಬಾಧೆಪಟ್ಟದ್ದನ್ನು ಹೇಳುವ ಇಬ್ರಿಯ 13:12–13 ಓದಿ.

ಗಾರ್ಡನ್ ಟೂಮ್ ಸಮಾಧಿ ಕ್ರಿ.ಪೂ. 8–7ನೇ ಶತಮಾನದ್ದೆಂದು ಪ್ರಾಕ್ತನಶಾಸ್ತ್ರಜ್ಞ ಗೇಬ್ರಿಯಲ್ ಬರ್ಕೈ ತೋರಿಸಿದ್ದಾರೆ. ಯೋಹಾನ 19:41 ಹೇಳುವುದು ಹೊಸ ಸಮಾಧಿ. ಇದನ್ನು ತಂಡಕ್ಕೆ ಮುಚ್ಚಿಡಬೇಡಿ. ಆದರೂ ಹೋಗಿ: ತೋಟವಿದೆ, ಬೆಂಚುಗಳಿವೆ, ಕರ್ತನ ಭೋಜನಕ್ಕೆ ಮುಂಚಿತವಾಗಿ ಜಾಗ ಕಾದಿರಿಸಬಹುದು. ಯೋಹಾನ 20ನ್ನು ಪೂರ್ತಿ ಓದಲು ಅದೇ ಸರಿ. ಭಾನುವಾರ ಮುಚ್ಚಿರುತ್ತದೆ.

ಉತ್ತರ 2:
ಮಂಟಪದೊಳಗೆ ಓದುವ ಯೋಚನೆ ಬಿಡಿ. ಕೆಲವೇ ಜನರನ್ನು ಬಿಡುತ್ತಾರೆ, ಮಂಡಿಯೂರುವಷ್ಟರಲ್ಲಿ ಏಳಿಸುತ್ತಾರೆ. ಸರತಿಗೆ ನಿಲ್ಲುವ ಮೊದಲೇ ಓದಿ ಮುಗಿಸಿ, ಒಳಗೆ ಮನಸ್ಸಿನಲ್ಲಿ ಒಂದೇ ವಾಕ್ಯ ಸಾಕು. ಚರ್ಚ್ ಬೆಳಗಿನ ಜಾವವೇ ತೆರೆಯುತ್ತದೆ, ಬಸ್ಸುಗಳು ಬರುವ ಮೊದಲೇ ಹೋಗಿ. ಶಿಲುಬೆಗೇರಿಸಿದ ಜಾಗವೆನ್ನುವ ಗೊಲ್ಗೊಥಾಕ್ಕೆ ಚರ್ಚಿನ ಬಾಗಿಲ ಬಲಕ್ಕೇ ಕಡಿದಾದ ಮೆಟ್ಟಿಲು. ಮಂಡಿನೋವಿರುವ ಹಿರಿಯರಿಗೆ ಮೊದಲೇ ತಿಳಿಸಿ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ.

ಪ್ರಶ್ನೆ ಕೇಳಿದವರು:
ವಂದನೆಗಳು. ಯೇಸು ಬಂಧನಕ್ಕೆ ಮೊದಲು ಪ್ರಾರ್ಥಿಸಿದ ಗೆತ್ಸೇಮನೆ ತೋಟದ ಎಣ್ಣೇಮರಗಳು ಅವರ ಕಾಲದವೇ ಎನ್ನುತ್ತಾರಲ್ಲ?

ಉತ್ತರ 1:
ಅಲ್ಲ. ಎಂಟು ಹಳೆಯ ಮರಗಳಲ್ಲಿ ಮೂರರ ಕಾಂಡವನ್ನು ಪರೀಕ್ಷಿಸಿದಾಗ 12ನೇ ಶತಮಾನದ ಆಸುಪಾಸಿನ ಕಾಲ ಸಿಕ್ಕಿತು; ಫಲಿತಾಂಶ ಪ್ರಕಟವಾದದ್ದು 2012ರಲ್ಲಿ. ಸುತ್ತ ಬೇಲಿಯಿದೆ, ಮರಗಳ ನಡುವೆ ಕೂರುವಂತಿಲ್ಲ.

ಅಲ್ಲಿ ಬದಲಾಗದಿರುವುದು ನೆಲದ ಇಳಿಜಾರು. ಎದುರಿಗೆ ಕಿದ್ರೋನ್ ಹಳ್ಳ, ಅದರಾಚೆ ಪಟ್ಟಣದ ಗೋಡೆ. ದೀಪ, ಪಂಜು ಹಿಡಿದು ಬರುವವರು ದೂರದಿಂದಲೇ ಕಾಣುವಂಥ ಜಾಗ ಅದು. ಬೆನ್ನ ಹಿಂದೆ ಎಣ್ಣೇಮರಗಳ ಗುಡ್ಡ. ಅದನ್ನು ಹತ್ತಿ ಆಚೆ ಇಳಿದರೆ ಯೂದಾಯದ ಅಡವಿ. ತಪ್ಪಿಸಿಕೊಳ್ಳಲು ದಾರಿಯಿದ್ದೂ ಸ್ವಾಮಿ ಅಲ್ಲಿಯೇ ಉಳಿದರು. ತಂಡವನ್ನು ಪಟ್ಟಣದ ಕಡೆ ಮುಖಮಾಡಿ ನಿಲ್ಲಿಸಿ ಲೂಕ 22:39–46, ಆಮೇಲೆ ಯೋಹಾನ 18:1–4 ಓದಿಸಿ. ವಿವರಣೆ ಓದಿಗೆ ಮೊದಲೇ ಮುಗಿದಿರಲಿ. ಓದಿದ ಮೇಲೆ ಹತ್ತು ನಿಮಿಷ ಯಾರೂ ಮಾತಾಡದಿರಲಿ, ಫೋಟೋ ಅದಾದ ಮೇಲೆ.