‘ಡಿನಯಲ್’ ಅಂದರೆ ನಿರಾಕರಣೆಯೇ? ಬರ್ಮಾದ ಎಣ್ಣೆಬಾವಿಗಳು, 1942

ಪ್ರಶ್ನೆ: 1942ರ ಬರ್ಮಾ ಯುದ್ಧದ ಬರಹಗಳಲ್ಲಿ ಯೆನಾಂಜೌಂಗ್ ಎಣ್ಣೆಬಾವಿಗಳ ಮಾತು ಬಂದಾಗಲೆಲ್ಲ ‘ಆಯಿಲ್ ಡಿನಯಲ್’ ಎಂದಿರುತ್ತದೆ. ‘ತೈಲ ನಿರಾಕರಣೆ’ ಅಂದರೆ ಯಾರೋ ಎಣ್ಣೆ ಬೇಡವೆಂದ ಹಾಗಾಗುತ್ತದೆ. ‘ದಗ್ಧಭೂಮಿ ನೀತಿ’ ಸರಿಹೋದೀತೆ? ಬಾವಿಗಳನ್ನು ‘ಮುಚ್ಚಿದರು’ ಎನ್ನಬೇಕೋ ‘ಹೂಳಿದರು’ ಎನ್ನಬೇಕೋ?

ಉತ್ತರ: ನಿರಾಕರಣೆ ಖಂಡಿತ ಬೇಡ. ಹಿಂದೆ ಸರಿಯುತ್ತಿದ್ದ ಬ್ರಿಟಿಷರು, ಮುನ್ನುಗ್ಗುತ್ತಿದ್ದ ಜಪಾನೀಯರ ಕೈಗೆ ಎಣ್ಣೆ ಸಿಗಬಾರದೆಂದು ತಾವೇ ನಾಶ ಮಾಡಿದ್ದಕ್ಕೆ ಇಲ್ಲಿ ‘ಡಿನಯಲ್’ ಎಂದು ಹೆಸರು. ದಗ್ಧಭೂಮಿಯೂ ಅರ್ಧಕ್ಕರ್ಧ ತಪ್ಪು. ಸುಟ್ಟದ್ದು ಸಂಗ್ರಹದ ಟ್ಯಾಂಕುಗಳಲ್ಲಿದ್ದ ಎಣ್ಣೆಯನ್ನು. ಬಾವಿಗೆ ಬರೀ ಬೆಂಕಿ ಇಟ್ಟರೆ ಸಾಲದು. ಬೆಂಕಿ ಆರಿದ ಮೇಲೆ ಕೊರೆದ ತೂತು ಅಲ್ಲೇ ಇರುತ್ತದೆ, ಬಾಯಿಗೆ ಹೊಸ ವಾಲ್ವು ಕೂರಿಸಿದರೆ ಎಣ್ಣೆ ಮತ್ತೆ ಬರುತ್ತದೆ. ಕೆಲಸವೆಲ್ಲ ಬಾವಿಯ ಒಳಗೆ. ಅದೇ ವರ್ಷ ಜನವರಿಯಲ್ಲಿ ಡಚ್ಚರು ಬೋರ್ನಿಯೋದ ಬಾಲಿಕ್‌ಪಾಪನ್‌ನಲ್ಲಿ ಮಾಡಿದ್ದು ಹೀಗೆ: ಎಣ್ಣೆ ಎತ್ತುವ ಒಳಪೈಪನ್ನು ಮೇಲಕ್ಕೆಳೆದು, ಸುಮಾರು 15 ಮೀಟರ್ ಆಳದಲ್ಲಿ ಕತ್ತರಿಸಿ, ಪಂಪಿನ ಸಮೇತ ಒಳಕ್ಕೆ ಬಿಟ್ಟರು. ಅದರ ಮೇಲೆ ನಟ್ಟು, ಬೋಲ್ಟು, ಕೊರೆಯುವ ಭಾರದ ಬಿಟ್ಟುಗಳನ್ನು ಸುರಿದರು. ಕೊನೆಗೆ ಡಬ್ಬಿಯಲ್ಲಿ ಸ್ಫೋಟಕ ಇಳಿಸಿ ಕೇಸಿಂಗನ್ನೇ (ಬಾವಿಯ ಹೊರಪೈಪನ್ನೇ) ಒಡೆದರು. ಬೋರ್‌ವೆಲ್ಲಿನೊಳಗೆ ಮೋಟರು ಕಳಚಿ ಬಿದ್ದು ಕಚ್ಚಿಕೊಂಡರೆ ಏನು ಗತಿ ಎಂದು ನಮ್ಮ ರೈತರನ್ನು ಕೇಳಿ. ಅದನ್ನು ಎತ್ತಿಸುವುದಕ್ಕಿಂತ ಪಕ್ಕದಲ್ಲಿ ಹೊಸದು ಕೊರೆಸುವುದೇ ವಾಸಿ ಅನ್ನುತ್ತಾರೆ. ಶತ್ರುವನ್ನು ಆ ಸ್ಥಿತಿಗೆ ತರುವುದೇ ಇಲ್ಲಿಯ ಗುರಿ. ಹಾಗಾಗಿ ‘ಮುಚ್ಚಿದರು’, ‘ಹೂಳಿದರು’ ಎರಡೂ ಬೇಡ, ‘ಬಾವಿ ಕೆಡಿಸಿದರು’ ಎನ್ನಿ.

ಹೊತ್ತು ನೋಡಿ ಮಾಡಬೇಕಾದ ಕೆಲಸವಿದು. ಮಾರ್ಚ್ 7ರಂದು ರಂಗೂನ್ ಬಿಡುವಾಗ ಎದುರುದಂಡೆಯ ಸಿರಿಯಂ ರಿಫೈನರಿಯನ್ನು ಒಡೆದಾಯಿತು. ಆಮೇಲೆ ಹಿಂದೆ ಸರಿಯುತ್ತಿದ್ದ ಸೇನೆಗೆ ಯೆನಾಂಜೌಂಗಿನ ಎಣ್ಣೆಯೇ ಆಧಾರ, ಅದನ್ನು ಬೇಗ ಕೆಡಿಸಿದರೆ ತಮ್ಮ ಲಾರಿಗಳೇ ನಿಲ್ಲುತ್ತವೆ. ಕೊನೆಗೆ ಆ ಸೇನೆಯ ದಂಡನಾಯಕ ಜನರಲ್ ಸ್ಲಿಮ್ ಅಪ್ಪಣೆ ಕೊಟ್ಟದ್ದು ಏಪ್ರಿಲ್ 15ಕ್ಕೆ. ತಡವಾದರೂ ಕಷ್ಟವೇ: ಫೆಬ್ರವರಿ 14ರಂದು ಸುಮಾತ್ರಾದ ಪಾಲೆಂಬಾಂಗಿನಲ್ಲಿ ಪ್ಯಾರಾಚೂಟಿನಿಂದ ಇಳಿದ ಜಪಾನೀಯರಿಗೆ ಪ್ಲಾಜು ರಿಫೈನರಿ ಹೆಚ್ಚು ಕಡಿಮೆ ಇದ್ದ ಹಾಗೇ ಸಿಕ್ಕಿತು.

ಕನ್ನಡದಲ್ಲಿ ಇದಕ್ಕೆ ‘ದಕ್ಕು’ ಧಾತುವೇ ಇದೆ. ಕ್ರಿಯಾಪದವಾಗಿ ‘ಶತ್ರುವಿಗೆ ದಕ್ಕದ ಹಾಗೆ ಮಾಡಿದರು’, ನಾಮಪದ ಬೇಕಾದರೆ ‘ದಕ್ಕಗೊಡದ ನಾಶ’. ಕೊಂಚ ಒರಟು ಅನಿಸಬಹುದು, ಆದರೆ ಈ ನಾಮಪದ ಇಲ್ಲದೆ ಒಂದು ಕಡೆ ಸಿಕ್ಕಿಬೀಳುತ್ತೀರಿ. ಬರ್ಮಾ ಆಯಿಲ್ ಕಂಪನಿ ಈ ನಾಶಕ್ಕೆ ಪರಿಹಾರ ಕೇಳಿದ ಮೊಕದ್ದಮೆಯಲ್ಲಿ 1964ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ (ಆಗ ಅಲ್ಲಿಯ ಅತ್ಯುನ್ನತ ನ್ಯಾಯಾಲಯ) 3-2 ಬಹುಮತದಿಂದ ಕಂಪನಿಯ ಪರ ನಿಂತಿತು. ವಾದವೆಲ್ಲ ನಿಂತದ್ದು ಕಾದಾಟದ ನಡುವೆ ಆದ ನಾಶ ಬೇರೆ, ದಕ್ಕಗೊಡದ ನಾಶ ಬೇರೆ ಎಂಬ ಭೇದದ ಮೇಲೆ. (1965ರಲ್ಲಿ ಪಾರ್ಲಿಮೆಂಟು ಪೂರ್ವಾನ್ವಯವಾಗುವ ಕಾಯಿದೆ ತಂದು ಆ ಪರಿಹಾರವನ್ನೇ ಇಲ್ಲವಾಗಿಸಿತು. ಗೆದ್ದ ಕಂಪನಿಗೂ ದಕ್ಕಲಿಲ್ಲ!) ಎರಡಕ್ಕೂ ‘ಯುದ್ಧಹಾನಿ’ ಎಂದುಬಿಟ್ಟರೆ ತೀರ್ಪಿಗೇ ಅರ್ಥವಿರುವುದಿಲ್ಲ.

ಮತ್ತೊಂದು ಉತ್ತರ: ‘ದಕ್ಕಗೊಡದ’ ಒಪ್ಪಿಗೆ. ಊರಿನ ಹೆಸರನ್ನೂ ಸ್ವಲ್ಪ ಬಿಡಿಸಬಹುದು. ಬರ್ಮೀ ಭಾಷೆಯಲ್ಲಿ ‘ಯೆ’ ನೀರು, ‘ನಾನ್’ ವಾಸನೆ. ಎರಡೂ ಸೇರಿದರೆ ನೆಲದೆಣ್ಣೆ. ‘ಚೌಂಗ್’ ಅಂದರೆ ಹಳ್ಳ. ಒಟ್ಟಿನಲ್ಲಿ ಎಣ್ಣೆಹಳ್ಳ. ಹಳೆಯ ಇಂಗ್ಲಿಷ್ ಬರಹಗಳು ಇದೇ ಎಣ್ಣೆಯನ್ನು ‘ಅರ್ತ್ ಆಯಿಲ್’ ಅನ್ನುತ್ತವೆ. ತಮಿಳಿನ ‘ಮಣ್ಣೆಣ್ಣೈ’ ನೆನಪಾಗಿ ಅದನ್ನು ಸೀಮೆಎಣ್ಣೆ ಮಾಡಿಬಿಡಬೇಡಿ. ಬಾವಿಯಿಂದ ಬರುತ್ತಿದ್ದದ್ದು ಕಚ್ಚಾ ಎಣ್ಣೆ. ಅದು ಸೀಮೆಎಣ್ಣೆ ಆಗುತ್ತಿದ್ದದ್ದು ಪೈಪ್‌ಲೈನಿನಲ್ಲಿ ಸಿರಿಯಂ ಮುಟ್ಟಿದ ಮೇಲೆ.